ಪುಕ್ಕಟೆ ಕೆಲಸದ ಬಿಲ್ಲು

ಹಳೇಬೀಡಿನ ಕೆರೆ ಏರಿಯ ಮೇಲೆ ಸಂಜೆ ನಡೆಯುತ್ತಿದ್ದಾಗ ಫೋನಿಗೆ ಒಂದು ಸಂದೇಶ ಬಂತು. ನನ್ನ ಕಾರಿನಂಥ ಕಾರುಗಳ ಇಂಧನ ಪಂಪಿನಲ್ಲಿ ದೋಷ ಕಂಡುಬಂದಿದೆ, ಹತ್ತಿರದ ಸರ್ವೀಸ್ ಸೆಂಟರಿಗೆ ತಂದರೆ ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದು ಕಂಪನಿಯವರು ಬರೆದಿದ್ದರು. ಓದಿ ಖುಷಿಯಾಯಿತು. ಮಾರಿ ವರ್ಷಗಳು ಕಳೆದ ಮೇಲೆ, ಕೊಂಡವನಿಗೆ ಗೊತ್ತೇ ಇಲ್ಲದ ಐಬನ್ನು ಮಾಡಿದವನೇ ಹೇಳಿ, ತನ್ನಿ ಸರಿಮಾಡುತ್ತೇವೆ ಎನ್ನುವುದು ದೊಡ್ಡ ಮಾತು. ಮನೆಗೆ ಬಂದು ಹೆಂಡತಿಗೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ‘ಉಚಿತ ಅಂತ ಎಲ್ಲಿ ಬರ್ದಿದಾರೆ, ತೋರ್ಸಿ’ ಎಂದು ತಾನೇ ಓದಿ, ‘ಈ ಮೆಸೇಜು ಅಳಿಸ್ಬೇಡಿ ಮತ್ತೆ’ ಎಂದಳು.

ದೋಷವೇನೂ ಸಣ್ಣದಾಗಿರಲಿಲ್ಲ. ಈ ಪಂಪು ಪೆಟ್ರೋಲ್ ಟ್ಯಾಂಕಿನೊಳಗೇ ಮುಳುಗಿಕೊಂಡಿರುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರ ಗಿರ್ರನೆ ತಿರುಗುತ್ತ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುತ್ತದೆ. ಆ ಪ್ಲಾಸ್ಟಿಕ್ಕಿನ ಸಾಂದ್ರತೆ ಕಡಿಮೆಯಾಗಿದ್ದರೆ ಪೆಟ್ರೋಲನ್ನು ಹೀರಿ ಹೀರಿ ಚಕ್ರ ಊದಿಕೊಳ್ಳುತ್ತದೆ, ಸುತ್ತಲಿನ ಕವಚಕ್ಕೆ ಉಜ್ಜುತ್ತದೆ, ಒಂದು ದಿನ ಕಚ್ಚಿಕೊಂಡು ನಿಂತುಬಿಡುತ್ತದೆ. ಪಂಪು ನಿಂತರೆ ಓಡುತ್ತಿರುವ ಎಂಜಿನ್ನೂ ನಿಲ್ಲುತ್ತದೆ. ಆಗ ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಎಂಜಿನ್ನಿನಿಂದ ಸಿಗುವ ನೆರವು ತಪ್ಪಿ ಪೆಡಲು ಕಲ್ಲಾಗುತ್ತದೆ. 2020ರ ಜೂನ್ ಮತ್ತು ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ಎರಡು ಕಂಪನಿಗಳು ಇಂಧನ ಪಂಪಿನ ಕಾರಣಕ್ಕೇ ಸುಮಾರು 2 ಲಕ್ಷ ಕಾರುಗಳನ್ನು ವಾಪಸು ಕರೆದಿದ್ದವು. ನಮ್ಮ ಕಡೆಯವರು ವರ್ಷಕ್ಕೊಮ್ಮೆಯಾದರೂ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು. ಆ ತಿರುವುಗಳಲ್ಲಿ, ಮಂಜಿನಲ್ಲಿ, ಹಿಂದೆ ಲಾರಿ ಇರುವಾಗ, ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು ನಿದ್ದೆ ಮಾಡುತ್ತಿರುವಾಗ ಎಂಜಿನ್ ಆಫ್ ಆದರೆ ಏನು ಗತಿ ಎಂದು ಯೋಚಿಸಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮರುದಿನವೇ ಹಾಸನದ ಸರ್ವೀಸ್ ಸೆಂಟರಿಗೆ ಫೋನು ಮಾಡಿ ದಿನ ಗೊತ್ತುಮಾಡಿಕೊಂಡೆ.

ಅಲ್ಲಿ ಸರ್ವೀಸ್ ಅಡ್ವೈಸರ್ ಆಗಿದ್ದ ಹುಡುಗ ಬಾಣಾವರದ ಕಡೆಯವನು. ಮಾತಿನಲ್ಲೇ ಗೊತ್ತಾಯಿತು, ನಾನೂ ಕೇಳಿದೆ, ಅವನೂ ಹೇಳಿದ. ಕಾರಿನ ಸುತ್ತ ಒಂದು ಸುತ್ತು ಬಂದು, ಗೀರು ಗಾಯಗಳನ್ನು ಗುರುತು ಹಾಕಿಕೊಂಡು, ಜಾಬ್ ಕಾರ್ಡಿನಲ್ಲಿ ‘ಫ್ಯೂಯಲ್ ಪಂಪ್ ರೀಕಾಲ್’ ಎಂಬ ಒಂದೇ ಸಾಲು ಬರೆದು ನನ್ನಿಂದ ಸಹಿ ಹಾಕಿಸಿಕೊಂಡ. ‘ಮಧ್ಯಾಹ್ನಕ್ಕೆ ರೆಡಿ ಆಗತ್ತೆ ಸಾರ್, ಕಾಫಿ ಕುಡೀತಿರಿ’ ಎಂದ. ಗಾಜಿನ ಆಚೆ ಕಾರುಗಳು ಲಿಫ್ಟಿನ ಮೇಲೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತೆ.

ಮಧ್ಯಾಹ್ನ ಕೈಗೆ ಬಂದದ್ದು 6,573 ರೂಪಾಯಿಯ ಬಿಲ್ಲು. ಪಂಪಿನ ಮುಂದೆ ಸೊನ್ನೆ ಇತ್ತು, ಅದರಲ್ಲಿ ಮಾತು ತಪ್ಪಿರಲಿಲ್ಲ. ಕೆಳಗೆ ಬ್ರೇಕ್ ಪ್ಯಾಡು 2,450. ಥ್ರಾಟಲ್ ಬಾಡಿ ಕ್ಲೀನಿಂಗ್ 900. ಎ.ಸಿ.ಗೆ ಏನೋ ಔಷಧಿ ಹೊಡೆದದ್ದಕ್ಕೆ 1,100. ವೈಪರ್ ಬ್ಲೇಡು 780. ‘ಕನ್ಸ್ಯೂಮಬಲ್ಸ್’ 340. ಇವಿಷ್ಟರ ಮೇಲೆ ಶೇಕಡ 18ರಂತೆ ಜಿ.ಎಸ್.ಟಿ. ಒಂದಕ್ಕೂ ನನ್ನನ್ನು ಕೇಳಿರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಗಾಜಿನ ಈಚೆಗೇ ಬೆಳಗಿನಿಂದ ನಾನು ಕೂತಿದ್ದೆ.

‘ಇದು ಯಾವ ಬಾಬ್ತು?’ ಎಂದೆ. ಬಾಯಿಂದ ಆ ಮಾತು ಹೊರಟ ಮೇಲೆ ಅದು ಅಪ್ಪನ ಮಾತು ಎಂದು ಹೊಳೆಯಿತು.

ಜಾವಗಲ್ಲಿನಿಂದ ಬಾಣಾವರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮಗೆ ತೆಂಗಿನ ತೋಟವಿತ್ತು. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ವರ್ಷ ಅದರ ಸುದ್ದಿಗೆ ಹೋಗುವಂತಿಲ್ಲ. ನೀರು ತಾನಾಗಿ ಇಂಗಿ, ಒಳಗಿನ ತಿರುಳು ಚಿಪ್ಪನ್ನು ಬಿಟ್ಟು, ಕೈಗೆತ್ತಿಕೊಂಡು ಅಲುಗಿಸಿದರೆ ಗೊಡಗೊಡ ಎನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಗೆ ಏಟು ಬೀಳದ ಹಾಗೆ ತೆಗೆಯಬೇಕು. ಒಡೆದುಹೋದದ್ದಕ್ಕೆ ರೇಟಿಲ್ಲ. ಹಾಗೆ ಮೂಟೆ ಕಟ್ಟಿ ಅಪ್ಪ ಅರಸೀಕೆರೆಯ ಮಂಡಿಗೆ ತರುತ್ತಿದ್ದರು. ರಜವಿದ್ದರೆ ನಾನೂ ಜೊತೆಗೆ. ಮಂಡಿಯಲ್ಲಿ ಕೊಬ್ಬರಿಯ ಜಿಡ್ಡು ವಾಸನೆ, ಗೋಣಿಯ ಧೂಳು, ಹಮಾಲರ ಕೂಗು. ತೂಕ ಮುಗಿದ ಮೇಲೆ ಗುಮಾಸ್ತರು ಒಂದು ಚೀಟಿ ಬರೆದುಕೊಡುತ್ತಿದ್ದರು. ಅದರಲ್ಲಿ ಬಂದ ದುಡ್ಡಿನ ಕೆಳಗೆ ಕಳೆಯುವ ಬಾಬ್ತುಗಳ ಸಾಲು: ಹಮಾಲಿ, ತೂಕ, ಸೂಟು, ಕಮಿಷನ್ನು, ಧರ್ಮ.

ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೊಂದು ಸಾಲಿಗೂ ಬೆರಳಿಟ್ಟು, ಮೆಲ್ಲಗೆ ‘ಸ್ವಾಮಿ, ಇದು ಯಾವ ಬಾಬ್ತು?’ ಎಂದು ಕೇಳುವರು. ಅವರು ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಹಮಾಲಿಗೆ ತಕರಾರಿಲ್ಲ, ಹೊತ್ತವನ ಕೂಲಿ ಅದು. ಸೂಟು ಯಾಕೆ, ಯಾರ ಹೆಸರಿನ ಧರ್ಮ, ಅದು ಯಾವ ಗುಡಿಗೆ ಹೋಗುತ್ತದೆ ಎಂದು ಕೇಳಿ, ಉತ್ತರ ಬರುವವರೆಗೆ ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಳ್ಳುತ್ತ ಅಲ್ಲೇ ನಿಲ್ಲುವರು. ಹಿಂದೆ ಚೀಟಿಗೆ ಕಾದು ನಿಂತ ರೈತರೂ ಕಿವಿ ನಿಮಿರಿಸುತ್ತಿದ್ದರು. ಎಷ್ಟೋ ಸಲ ಒಂದೋ ಎರಡೋ ಬಾಬ್ತಿನ ಮೇಲೆ ಗೀಟು ಬೀಳುತ್ತಿತ್ತು, ಹಿಂದಿನವರ ಚೀಟಿಯಲ್ಲೂ ಬೀಳುತ್ತಿತ್ತು. ಆಮೇಲೆ ನಾವಿಬ್ಬರೂ ಅರಸೀಕೆರೆಯ ಶಿವಾಲಯಕ್ಕೆ ಹೋಗಿ, ನಕ್ಷತ್ರದ ಆಕಾರದ ಆ ಮುಖಮಂಟಪದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅಲ್ಲಿಯ ಕಂಬಗಳನ್ನು ತೋರಿಸುತ್ತ ಅಪ್ಪ ಯಾವತ್ತೂ ಮಂಡಿಯ ಮಾತು ತೆಗೆಯಲಿಲ್ಲ. ಕೇಳಬೇಕಾದ್ದನ್ನು ಕೇಳಿ ಆಗಿತ್ತು, ಅಷ್ಟೇ.

ಮುಂದೆ ನಾನು ಕನ್ನಡ ಮೇಷ್ಟ್ರಾಗಿ ಬೇಲೂರು, ಹಳೇಬೀಡು, ಅರಸೀಕೆರೆಗಳ ನಡುವೆಯೇ ಸುತ್ತಿದೆ. ಮಕ್ಕಳನ್ನು ಶಾಸನಗಳ ಮುಂದೆ ನಿಲ್ಲಿಸಿ ಓದಿಸುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದುತ್ತ ಹೋದರೆ ಆ ಕಾಲದವರ ಎಚ್ಚರ ಮನಸ್ಸಿಗೆ ನಾಟುತ್ತದೆ. ದೇವರಿಗೆ ಭೂಮಿ ಬಿಟ್ಟೆವು ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕಲ್ಲು, ನಂದಾದೀಪಕ್ಕೆ ಎಷ್ಟು ಎಣ್ಣೆ, ಎಲ್ಲ ಲೆಕ್ಕ. ಎಷ್ಟೋ ಶಾಸನಗಳಲ್ಲಿ ಬಿಟ್ಟುಕೊಟ್ಟ ತೆರಿಗೆಗಳ ಹೆಸರುಗಳೂ ಉಂಟು: ಸಿದ್ಧಾಯ, ಮನೆದೆರೆ, ಮಗ್ಗದೆರೆ, ಗಾಣದೆರೆ. ಇದನ್ನೆಲ್ಲ ಯಾಕೆ ಇಷ್ಟು ಬಿಡಿಸಿ ಬರೆದರು ಸಾರ್ ಎಂದು ಒಬ್ಬ ಹುಡುಗಿ ಕೇಳಿದ್ದಳು. ನಾಳೆ ಒಬ್ಬ ಅಧಿಕಾರಿ ಬಂದು, ಆ ತೆರಿಗೆ ಬಿಟ್ಟದ್ದು ನಿಜ, ಇದು ಬೇರೆ ಎನ್ನಬಾರದಲ್ಲ, ಅದಕ್ಕೆ ಎಂದು ಹೇಳಿದ್ದೆ. ಕೊಟ್ಟದ್ದು ಪೂರ್ತಿ ಸಲ್ಲಬೇಕಾದರೆ ಏನೇನು ಕೇಳುವಂತಿಲ್ಲ ಎಂಬುದನ್ನೂ ಬರೆಯಬೇಕು ಎಂದು ಎಂಟುನೂರು ಒಂಬೈನೂರು ವರ್ಷದ ಹಿಂದೆಯೇ ಈ ಸೀಮೆಯವರಿಗೆ ಗೊತ್ತಿತ್ತು.

ಹಾಸನದ ಆ ಕೌಂಟರಿನಲ್ಲಿ ಬಾಣಾವರದ ಹುಡುಗ ‘ನಿಮ್ಮ ಸೇಫ್ಟಿಗೇ ಮಾಡಿದ್ದು ಸಾರ್’ ಎಂದ. ನನ್ನ ಸಹಿ ಇರುವ ಜಾಬ್ ಕಾರ್ಡು ತೋರಿಸಪ್ಪ ಎಂದೆ. ತಂದ. ನನ್ನ ಸಹಿಯ ಮೇಲೆ ಒಂದೇ ಸಾಲಿತ್ತು. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಆಮೇಲೆ ಸೇರಿದ್ದು. ಯಾರು ಸೇರಿಸಿದರು ಎನ್ನುವುದಕ್ಕೆ ಅಲ್ಲಿ ಹೆಸರೇ ಇರಲಿಲ್ಲ. ತೆಗೆದ ಹಳೇ ಪ್ಯಾಡು, ಹಳೇ ವೈಪರು ಕೊಡಿ ಎಂದೆ. ಪ್ಯಾಡು ಸಿಕ್ಕಿತು, ವೈಪರು ಸಿಗಲಿಲ್ಲ. ಮ್ಯಾನೇಜರು ಬಂದರು. ಬಹಳ ಸೌಜನ್ಯದ ಮನುಷ್ಯ. ‘ಬೇಜಾರು ಮಾಡ್ಕೋಬೇಡಿ ಸಾರ್, ಹತ್ತು ಪರ್ಸೆಂಟ್ ಡಿಸ್ಕೌಂಟ್ ಮಾಡಿಸ್ತೀನಿ’ ಎಂದರು. ಬೇಡ ಎಂದೆ. ಡಿಸ್ಕೌಂಟು ತೆಗೆದುಕೊಂಡರೆ ಉಳಿದ ತೊಂಬತ್ತು ಭಾಗಕ್ಕೆ ಒಪ್ಪಿದ ಹಾಗೆ. ಕಾರು ಬೇಕಾದರೆ ಗೇಟ್ ಪಾಸು ಬೇಕು, ಗೇಟ್ ಪಾಸಿಗೆ ಬಿಲ್ಲು ಚುಕ್ತಾ ಆಗಬೇಕು. ಸಂಜೆ ಐದಾಗುತ್ತಿತ್ತು. ದುಡ್ಡು ಕಟ್ಟಿದೆ. ಕಟ್ಟುವ ಮೊದಲು ಅವರ ಪ್ರತಿಯ ಮೇಲೂ ನನ್ನ ಪ್ರತಿಯ ಮೇಲೂ ‘ಪಂಪಿನ ಕೆಲಸಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿದ್ದೆ, ಉಳಿದ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಕನ್ನಡದಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿದೆ. ಹುಡುಗನ ಮುಖ ಸಣ್ಣದಾಗಿತ್ತು. ತಿಂಗಳಿಗೆ ಇಷ್ಟು ಪ್ಯಾಡು, ಇಷ್ಟು ಎ.ಸಿ. ಔಷಧಿ ಎಂದು ಅವನಿಗೂ ಮೇಲಿನವರು ಟಾರ್ಗೆಟ್ ಕೊಟ್ಟಿರುತ್ತಾರೆ. ಅವನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ಊರಿಗೆ ಬಂದು ಹಳೇ ಪ್ಯಾಡನ್ನು ಬೇಲೂರಿನ ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದೆ. ರಸ್ತೆ ಬದಿಯ ತಗಡಿನ ಶೆಡ್ಡು ಅವರದು. ಪ್ಯಾಡನ್ನು ಪಂಚೆಯ ತುದಿಯಿಂದ ಒರೆಸಿ, ಅಡ್ಡಲಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು, ಉಗುರಿನಿಂದ ದಪ್ಪ ಅಳೆದು, ‘ಇದು ಸವೆದಿರೋದು ಹೌದು ಮೇಷ್ಟ್ರೇ, ಬದಲಿಸೋ ಟೈಮು ಬಂದಿತ್ತು’ ಎಂದರು. ಥ್ರಾಟಲ್ ಬಾಡಿಯನ್ನು ಅವರೇ ಕೆಲವು ತಿಂಗಳ ಹಿಂದೆ ತೊಳೆದಿದ್ದರು. ಅದನ್ನು ತಮ್ಮ ಗೆರೆ ಹಾಕಿದ ಲೆಕ್ಕದ ಪುಸ್ತಕದಲ್ಲಿ ತೆಗೆದು ತೋರಿಸಿದರು: ಗಾಡಿ ನಂಬರು, ತಾರೀಕು, ಮಾಡಿದ ಕೆಲಸ, ಮಾಡಿದ ಹುಡುಗನ ಹೆಸರು. ಅವರು ಯಾವ ಸಾಮಾನು ಬದಲಿಸಬೇಕಾದರೂ ಮೊದಲು ಫೋನು ಮಾಡುತ್ತಾರೆ. ಬದಲಿಸಿದ ಹಳೆಯದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿರುತ್ತಾರೆ. ಇದಕ್ಕೆಲ್ಲ ಅವರಿಗೆ ಯಾರೂ ಟ್ರೈನಿಂಗ್ ಕೊಟ್ಟಿಲ್ಲ.

ಮಾಡಿದ ಕೆಲಸದ ಕೆಳಗೆ ಹೆಸರು ಬರೆಯುವುದು ಬೇಲೂರಿಗೆ ಹೊಸದೇನಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಹೆಸರು ಬರೆದವನು ಹೊಗಳಿಕೆಯ ಜೊತೆಗೆ ಹೊಣೆಯನ್ನೂ ತನ್ನ ಮೇಲೆ ತೆಗೆದುಕೊಂಡ. ಪಕ್ಕದಲ್ಲೇ ಶಾಂತಲಾದೇವಿ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಅಲ್ಲಿಯ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಜಕಣಾಚಾರಿ ಎಂಬ ಶಿಲ್ಪಿಯ ಹೆಸರು ಶಾಸನದಲ್ಲಿ ಸಿಗದಿದ್ದರೂ ಕಥೆ ಸುಳ್ಳೆಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿಗೆ ಉಳಿ ತಾಗಿಸಿದರೆ ನೀರು, ಮರಳು, ಜೀವಂತ ಕಪ್ಪೆ. ಹೊರಗಿಂದ ನುಣುಪಾಗಿ ಕಾಣುವ ವಸ್ತುವಿನ ಹೊಟ್ಟೆಯಲ್ಲಿ ಯಾರಿಗೂ ಕಾಣದ ಐಬು ಕೂತಿರುವ ಕಥೆ ಅದು. ಆ ಐಬಿಗೆ ಜಕಣಾಚಾರಿ ತಾನೇ ಹೊಣೆಯಾಗುತ್ತಾನೆ. ಪೂಜೆಗೆ ಬಂದವರ ಮೇಲೆ ಆ ಭಾರ ಬೀಳುವುದಿಲ್ಲ.

ಕಾರಿನ ವಿಷಯದಲ್ಲಿ ಈ ನ್ಯಾಯ ಕಾನೂನಿಗೆ ಇಳಿಯಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ 1966ರಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂದಾಗ ದೋಷವಿದೆ ಎಂದು ತಿಳಿಸುವುದಷ್ಟೇ ಕಂಪನಿಯ ಕರ್ತವ್ಯವಾಗಿತ್ತು. ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡಬೇಕು ಎಂಬುದು ಸೇರಿದ್ದು 1974ರ ತಿದ್ದುಪಡಿಯಲ್ಲಿ. ನಮ್ಮಲ್ಲಿ 2012ರಿಂದ ಕಂಪನಿಗಳೇ ಸ್ವಂತ ಇಚ್ಛೆಯಿಂದ ಒಪ್ಪಿಕೊಂಡ ಒಂದು ನಿಯಮಾವಳಿ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 110ಎ ಕಲಂ ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ಗಾಡಿಗಳಲ್ಲಿ ದೋಷದ ದೂರು ಹೆಚ್ಚಾದರೆ ಸರ್ಕಾರವೇ ಕಂಪನಿಗೆ ವಾಪಸು ಕರೆಸಿಕೊಳ್ಳಲು ಆಜ್ಞೆ ಮಾಡಬಹುದು, 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಅಂದರೆ ಕಂಪನಿ ಕರೆದು ಪಂಪು ಹಾಕಿಕೊಟ್ಟರೆ ಅದು ಉಪಕಾರವಲ್ಲ, ತೀರಿಸಬೇಕಾದ ಸಾಲ.

ಅರಸೀಕೆರೆ ಕೋರ್ಟಿನಲ್ಲಿ ವಕೀಲನಾಗಿರುವ ನನ್ನ ಹಳೇ ಶಿಷ್ಯನೊಬ್ಬನಿಗೆ ಬಿಲ್ಲು ತೋರಿಸಿದೆ. ಅವನು 1872ರ ಕರಾರು ಕಾಯಿದೆಯ 170ನೇ ಕಲಂ ತೆಗೆದ. ರಿಪೇರಿ ಮಾಡಿದವನು ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು, ಆದರೆ ಆ ಹಕ್ಕು ಯಾವ ಉದ್ದೇಶಕ್ಕೆ ವಸ್ತು ಒಪ್ಪಿಸಿದ್ದೇವೋ ಅದಕ್ಕೆ ತಕ್ಕಂತೆ ಮಾಡಿದ ಕೆಲಸಕ್ಕೆ. ‘ನೀವು ಒಪ್ಪಿಸಿದ್ದು ಪಂಪಿಗೆ ಸಾರ್. ಅಲ್ಲಿಗೆ ಮುಗೀತು’ ಎಂದ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಡಬೇಕು ಎಂದೂ ಹೇಳಿದ. ತನ್ನ ಫೀಸಿಗೆ ದಾರಿಯಿಲ್ಲದ ಸಲಹೆಯನ್ನು ಅವನು ಅಷ್ಟು ಸಂತೋಷದಿಂದ ಕೊಟ್ಟದ್ದು ಮೇಷ್ಟ್ರಾದವನಿಗೆ ಎಲ್ಲಕ್ಕಿಂತ ಸುಖ ಕೊಟ್ಟಿತು.

ಗ್ರಾಹಕ ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಕಂಪನಿಯ ಗ್ರಾಹಕ ವಿಭಾಗಕ್ಕೂ ಸರ್ವೀಸ್ ಸೆಂಟರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದೇ ಒಕ್ಕಣೆಯ ಕಾಗದ ಕಳಿಸಿದೆ. ಉಚಿತ ಎಂಬ ಸಂದೇಶದ ಪ್ರತಿ, ಒಂದೇ ಸಾಲಿನ ಜಾಬ್ ಕಾರ್ಡು, ಆಕ್ಷೇಪಣೆ ಬರೆದ ಬಿಲ್ಲು ಲಗತ್ತಿಸಿದೆ. ಬ್ರೇಕ್ ಪ್ಯಾಡು ಸವೆದದ್ದು ನಿಜವಾದ್ದರಿಂದ ಅದರ ದುಡ್ಡು, ತೆರಿಗೆ ಸೇರಿ 2,891 ರೂಪಾಯಿ, ನನ್ನ ಪಾಲು. ಉಳಿದ 3,682 ವಾಪಸು ಮಾಡಿ ಎಂದು ಬರೆದೆ. ಉತ್ತರ ತಡವಾಯಿತು, ಮತ್ತೆ ಬರೆದೆ. ಕೊನೆಗೆ ದುಡ್ಡು ಬ್ಯಾಂಕಿಗೆ ಬಂತು. ಅಷ್ಟು ದುಡ್ಡಿಗೆ ಇಷ್ಟು ಓಡಾಟ ಬೇಕಿತ್ತಾ ಎಂದು ಕೇಳಿದವರಿದ್ದಾರೆ. ಬೇಲೂರಿನ ಸಂತೆಯಲ್ಲಿ ಹುರುಳಿಕಾಯಿ ಮಾರುವ ಅಮ್ಮನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರೇ ಹೀಗೆ ಕೇಳಿದ್ದು ನನಗೆ ನೋವಾಯಿತು. ಎ.ಸಿ. ಹಾಕಿದ ಜಾಗದಲ್ಲಿ, ಪ್ರಿಂಟಾಗಿ ಬಂದ ಕಾಗದದ ಮುಂದೆ, ನಮ್ಮಂಥ ಸಣ್ಣ ಊರಿನವರ ದನಿ ಯಾಕೋ ಅಡಗುತ್ತದೆ. ಕೇಳಿದರೆ ಜಿಪುಣರು ಅಂದುಕೊಂಡಾರು ಎಂಬ ಸಂಕೋಚ. ಮಂಡಿಯಲ್ಲಿ ನಿಂತ ಅಪ್ಪನಿಗೆ ಆ ಸಂಕೋಚ ಇರಲಿಲ್ಲ.

ಆದರೆ ನಾನು ಬಿಡದೆ ಹಿಂದೆ ಬಿದ್ದದ್ದಕ್ಕೆ ಕಾರಣ ದುಡ್ಡಿಗಿಂತ ಹೆಚ್ಚಿನದು. ನಮ್ಮ ಪಕ್ಕದ ಬೀದಿಯವರೊಬ್ಬರಿಗೆ ಇದೇ ಸಂದೇಶ ನನಗಿಂತ ಮೊದಲೇ ಬಂದಿತ್ತು. ಅವರು ಹೋಗಿಯೇ ಇರಲಿಲ್ಲ. ‘ಪುಕ್ಕಟೆ ಅಂತ ಕರೀತಾರೆ, ಹೋದ್ರೆ ತಲೆ ಬೋಳಿಸ್ತಾರೆ, ಗಾಡಿ ಚೆನ್ನಾಗೇ ಓಡ್ತೈತಲ್ಲ ಬಿಡಿ ಮೇಷ್ಟ್ರೇ’ ಎಂದಿದ್ದರು. ಅದೇ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿದು ಬಂದಿದ್ದರು. ಕೇಳದೆ ಸೇರಿಸುವ ಒಂದೊಂದು ಬಾಬ್ತೂ ಹೀಗೆ ಎಷ್ಟು ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತದೋ! ಐಬಿರುವ ಪಂಪುಗಳು ಹಾಗೇ ರಸ್ತೆಯ ಮೇಲೆ ಓಡಾಡುತ್ತಿರುತ್ತವೆ. ಈ ಬಿಲ್ಲುಗಳ ನಿಜವಾದ ಕೇಡು ಇದೇ ಎಂದು ನನಗೆ ಖಂಡಿತ ಅನ್ನಿಸಿದೆ. ನನ್ನ ಕಾಗದದ ಕೊನೆಯಲ್ಲಿ ಕಂಪನಿಯವರಿಗೂ ಇದನ್ನೇ ಬರೆದಿದ್ದೆ. ಪಕ್ಕದ ಬೀದಿಯವರು ಈಚೆಗೆ ಹೋಗಿ ಪಂಪು ಬದಲಿಸಿಕೊಂಡು ಬಂದರು. ಬಿಲ್ಲಿನಲ್ಲಿ ಸೊನ್ನೆ ಇತ್ತು.

ನಿಮಗೂ ಅಂಥ ಸಂದೇಶ ಬಂದು ಫೋನಿನಲ್ಲಿ ಎಲ್ಲೋ ಕೆಳಗೆ ಸೇರಿಹೋಗಿದ್ದರೆ ಹುಡುಕಿ ತೆಗೆಯಿರಿ, ಅಳಿಸಬೇಡಿ, ಹೋಗಿ ಕೆಲಸ ಮಾಡಿಸಿಕೊಳ್ಳಿ. ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ‘ಬೇರೆ ಯಾವ ಕೆಲಸವಿದ್ದರೂ ನನ್ನನ್ನು ಕೇಳಿ ಮಾಡಿ’ ಎಂದು ನಿಮ್ಮ ಕೈಯಿಂದಲೇ ಒಂದು ಸಾಲು ಬರೆಯಿರಿ. ಅಷ್ಟಾದ ಮೇಲೂ ಬಿಲ್ಲು ಬೆಳೆದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.